ಓಹಾಯೋದಲ್ಲಿ ಜಿಂಕೆ ಬೇಟೆಗೆ ಲಿವರ್ ಆಕ್ಷನ್ ಕೋವಿ: .30-30, .357, .44, .45-70ರಲ್ಲಿ ಯಾವುದು?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಆರು ವರ್ಷದಿಂದ ಓಹಾಯೋದ ಕೊಲಂಬಸ್ ಹತ್ತಿರ ಇದ್ದೇನೆ. ನನ್ನದು ಎಚ್-1ಬಿ, ಹೆಂಡತಿಯದು ಎಚ್-4 ವೀಸಾ. ಊರಲ್ಲಿ ಅಜ್ಜನ ಜೋಡಿ ನಳಿಗೆಯ 12 ಬೋರ್ ಕೋವಿ ಇತ್ತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊದ್ ದಿನ ಅದಕ್ಕೆ ತೋಕ್ ಪೂ (ಕೋವಿ ಹೂ) ಮುಡಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದದ್ದಷ್ಟೇ ನನ್ನ ಅನುಭವ. ಈಗ ಸಹೋದ್ಯೋಗಿಯೊಬ್ಬರು ಹಾಕಿಂಗ್ ಕೌಂಟಿಯ ತಮ್ಮ ಜಮೀನಿಗೆ ಜಿಂಕೆ ಬೇಟೆಗೆ ಕರೆದಿದ್ದಾರೆ. ಕಾಡಿನೊಳಗೆ ಹೆಚ್ಚೆಂದರೆ 60-70 ಗಜ ಕಾಣುತ್ತದೆ. ಸೋಯಾ ಹೊಲದ ಅಂಚಿನಲ್ಲಿ ಕೂತರೆ 120 ಗಜ. ಲಿವರ್ ಆಕ್ಷನ್ ಕೋವಿಯೇ (ಟ್ರಿಗರಿನ ಕೆಳಗಿನ ಕುಣಿಕೆಯಂಥ ಹಿಡಿಯನ್ನು ಇಳಿಸಿ ಏರಿಸಿ ಮುಂದಿನ ತೋಟಾ ತುಂಬುವಂಥದ್ದು) ಬೇಕೆಂಬ ಆಸೆ. ಪೆನ್ಸಿಲ್ವೇನಿಯಾದ ಗೆಳೆಯ ಕಣ್ಣುಮುಚ್ಚಿ .30-30 ತೋಟಾದ್ದೇ ತಗೋ ಎನ್ನುತ್ತಾನೆ. ಇನ್ನೊಬ್ಬರು .45-70 ಆದರೆ ಪೊದೆ, ರೆಂಬೆ ಎಲ್ಲ ಸೀಳಿಕೊಂಡು ಹೋಗುತ್ತದೆ ಎನ್ನುತ್ತಾರೆ. ವಿಡಿಯೊಗಳಲ್ಲಿ .357 ಸಾಕು ಎನ್ನುತ್ತಾರೆ. ಹೆಂಡತಿಯೂ ಗುರಿ ಅಭ್ಯಾಸದ ರೇಂಜಿಗೆ ಬರುತ್ತಾಳೆ, ಸಣ್ಣ ಮೈಕಟ್ಟು, ಒದೆತದ ಭಯ ಇದೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಮೂವರೂ ನಿಮಗೆ ತೋಟಾದ ಹೆಸರು ಹೇಳಿದ್ದಾರೆ. ನೀವು ಯಾವ ರಾಜ್ಯದಲ್ಲಿ ನಿಂತು ಹೊಡೆಯುತ್ತೀರಿ ಎಂದು ಒಬ್ಬರೂ ಕೇಳಿದಂತಿಲ್ಲ. ಈ ವಿಷಯದಲ್ಲಿ ಮೊದಲು ಕೇಳಬೇಕಾದದ್ದೇ ಅದು. ಉಳಿದದ್ದು ಆಮೇಲೆ: ಎಷ್ಟು ದೂರ, ಭುಜ ಎಷ್ಟು ತಡೆಯುತ್ತದೆ, ಅಂಗಡಿಯಲ್ಲಿ ಯಾವ ಡಬ್ಬಿ ಸಿಗುತ್ತದೆ. ಈ ಕ್ರಮದಲ್ಲಿ ಹೋದರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಗೆಳೆಯನ .30-30ಯಿಂದಲೇ ಶುರು ಮಾಡೋಣ. ಪೆನ್ಸಿಲ್ವೇನಿಯಾದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಓಹಾಯೋದಲ್ಲಿ ಅದೇ ಕೋವಿ ಹಿಡಿದು ಜಿಂಕೆ ಹೊಡೆದರೆ ನೀವು ಕಾನೂನು ಮುರಿದಂತೆ. ಓಹಾಯೋ ಬಹಳ ಕಾಲ ರೈಫಲ್ಲಿನಲ್ಲಿ ಜಿಂಕೆ ಹೊಡೆಯಲು ಬಿಡದಿದ್ದ ರಾಜ್ಯ. ಬಂದೂಕಿನ ಸೀಸನ್ನಿನಲ್ಲಿ ಹೆಚ್ಚಾಗಿ ಶಾಟ್‌ಗನ್ನಿಗೆ ಒಂಟಿ ಗುಂಡು ಹಾಕಿಯೋ, ಬಾಯಿಂದ ಮದ್ದು ತುಂಬುವ ಕೋವಿಯಲ್ಲೋ ಹೊಡೆಯುತ್ತಿದ್ದರು. 2014ರಲ್ಲಿ ಬಾಗಿಲು ಸ್ವಲ್ಪ ತೆರೆದು, ‘ಸ್ಟ್ರೇಟ್-ವಾಲ್’ ತೋಟಾ ಹಾಕುವ ರೈಫಲ್ಲುಗಳಿಗೆ ಮಾತ್ರ ಅನುಮತಿ ಕೊಟ್ಟರು. ಗುಂಡಿನ ವ್ಯಾಸ .357 ಇಂಚಿಗಿಂತ ಕಡಿಮೆ ಇರಬಾರದು, .50 ಇಂಚು ಮೀರಬಾರದು.

ಸ್ಟ್ರೇಟ್-ವಾಲ್ ಅಂದರೆ ಏನು ಎಂಬುದಕ್ಕೆ ಎರಡು ತೋಟಾ ಪಕ್ಕಪಕ್ಕ ನಿಲ್ಲಿಸಿ ನೋಡಿ. .30-30ರ ಹಿತ್ತಾಳೆ ಕೇಸು ಬಾಟಲಿಯ ಹಾಗೆ: ಅಗಲವಾದ ಹೊಟ್ಟೆ, ಮೇಲೆ ಹೆಗಲು, ಅದರ ಮೇಲೆ ಕಿರಿದಾದ ಕತ್ತು. .44 ಮ್ಯಾಗ್ನಂ ಉದ್ದನೆಯ ಸ್ಟೀಲ್ ಲೋಟದ ಹಾಗೆ, ಬುಡದಿಂದ ಬಾಯಿಯವರೆಗೆ ಒಂದೇ ಸಮ. ಬಾಟಲಿ ಆಕಾರದ ಕೇಸಿನಲ್ಲಿ ಮದ್ದು ಹೆಚ್ಚು ಹಿಡಿಯುತ್ತದೆ, ಸಣ್ಣ ಗುಂಡು ಜೋರಾಗಿ ಹೋಗುತ್ತದೆ, ತಪ್ಪಿದರೆ ಬಹುದೂರ ಹೋಗಿ ಬೀಳುತ್ತದೆ. ಓಹಾಯೋ ಬಹುಪಾಲು ಬಯಲು, ಹೊಲದ ಆಚೆಗೆ ಮನೆ. ಲೋಟದಾಕಾರದ ಕೇಸಿನ ಭಾರದ ಗುಂಡು ಬೇಗ ವೇಗ ಕಳೆದುಕೊಂಡು ನೆಲ ಹಿಡಿಯುತ್ತದೆ. ನಿಯಮದ ಹಿಂದಿನ ಲೆಕ್ಕ ಅಷ್ಟೇ.

ಇಲ್ಲಿ ಎಡವುವವರು ಬಹಳ. .35 ರೆಮಿಂಗ್ಟನ್ ಹೆಸರಿನಲ್ಲಿ .35 ಇದೆ, ಗುಂಡಿನ ವ್ಯಾಸವೂ .358, ಆದರೆ ಕೇಸಿಗೆ ಹೆಗಲಿದೆ, ಹಾಗಾಗಿ ನಡೆಯುವುದಿಲ್ಲ. 1873ರ ವಿಂಚೆಸ್ಟರಿನ ಹೊಸ ನಕಲುಗಳಲ್ಲಿ ಬರುವ .44-40 ದೂರದಿಂದ ನೆಟ್ಟಗೇ ಕಾಣುತ್ತದೆ, ಬೆರಳಾಡಿಸಿ ನೋಡಿದರೆ ಸಣ್ಣದೊಂದು ಹೆಗಲು ಸಿಗುತ್ತದೆ. ಗಡಿ ದಾಟಿದರೆ ಲೆಕ್ಕವೇ ಬೇರೆ: ಮಿಷಿಗನ್‌ನ ದಕ್ಷಿಣ ಭಾಗದಲ್ಲಿ ಸ್ಟ್ರೇಟ್-ವಾಲ್ ಆಗಿದ್ದರೆ ಸಾಲದು, ಕೇಸಿನ ಉದ್ದ 1.16ರಿಂದ 1.80 ಇಂಚಿನೊಳಗಿರಬೇಕು ಎಂಬ ನಿಯಮ 2014ರಲ್ಲಿ ಬಂತು. .45-70ರ ಕೇಸು 2.105 ಇಂಚು, ಆ ನಿಯಮಕ್ಕೆ ಅದು ಹೊರಗೆ. ಇಲಿನಾಯ್ 2023ರಲ್ಲಿ ಸ್ಟ್ರೇಟ್-ವಾಲ್ ಬಿಟ್ಟಿತು, ಆದರೆ ಒಂದೇ ತೋಟಾ ಹಿಡಿಯುವ ಕೋವಿಗೆ ಮಾತ್ರ, ಲಿವರ್ ಆಕ್ಷನ್‌ಗೆ ಜಾಗವಿಲ್ಲ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ದುಡ್ಡು ಕೊಡುವ ಮೊದಲು ಆಯಾ ರಾಜ್ಯದ ಆ ವರ್ಷದ ಬೇಟೆ ಪುಸ್ತಿಕೆ ತೆರೆದು ನೋಡಿ, ಕಳೆದ ವರ್ಷದ್ದು ಸಾಲದು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ತೋಟಾಕ್ಕಿಂತ ಇದು ಮುಖ್ಯ. ಎಚ್-1ಬಿ, ಎಚ್-4ನಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ನಿಮಗೆ ಅನ್ವಯಿಸುವುದು ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಬೇಟೆಗಾರರ ಸುರಕ್ಷತಾ ಕೋರ್ಸ್, ಅದರ ಪ್ರಮಾಣಪತ್ರ ತೋರಿಸಿ ಬೇಟೆ ಲೈಸೆನ್ಸ್, ಆಮೇಲೆ ಅಂಗಡಿ, ಅಲ್ಲಿ 4473 ನಮೂನೆ ತುಂಬಿ ಹಿನ್ನೆಲೆ ತಪಾಸಣೆ. ಜಿಂಕೆಗೆ ಬೇರೆ ಪರ್ಮಿಟ್ ಬೇಕು, ಖಾಸಗಿ ಜಮೀನಿಗೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಸಹೋದ್ಯೋಗಿಯ ಜಮೀನಾದರೂ ಸರಿ. ನಿಮ್ಮ ಲೈಸೆನ್ಸು ಹೆಂಡತಿಗೆ ನಡೆಯುವುದಿಲ್ಲ. ರೇಂಜಿನಲ್ಲಿ ಹತ್ತು ನಿಮಿಷ ಕೋವಿ ಕೈಗೆತ್ತಿಕೊಂಡರೂ ಅದನ್ನು ಸ್ವಾಧೀನ ಎಂದೇ ಎಣಿಸಬಹುದು, ಆದ್ದರಿಂದ ಅವರೂ ಲೈಸೆನ್ಸ್ ಮಾಡಿಸಿಕೊಂಡೇ ಬರಲಿ. ಸುಲಭವಾಗಿ ಸಿಕ್ಕಿಬೀಳುವ ಜಾಗ ನವೀಕರಣ. ಲೈಸೆನ್ಸ್ ಅವಧಿ ಮುಗಿದು, ಕೋವಿ ಕಪಾಟಿನಲ್ಲೇ ಇದ್ದರೆ ವಿನಾಯಿತಿಯೂ ಅಂದಿಗೇ ಮುಗಿಯಿತು. ಗ್ರೀನ್ ಕಾರ್ಡ್ ಸಾಲಿನಲ್ಲಿದ್ದರೆ ಖರೀದಿಗೆ ಮುಂಚೆ ಒಮ್ಮೆ ವಲಸೆ ವಕೀಲರನ್ನು ಕೇಳಿಬಿಡಿ. ಊರಿನಲ್ಲಿ ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ಇಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈಗ ಅಂಕಿಗಳ ಗೊಂದಲ. ಅಜ್ಜನ ಕೋವಿಯ 12 ಬೋರ್ ಅಂದರೆ ಒಂದು ಪೌಂಡ್ ಸೀಸದಿಂದ ಆ ನಳಿಗೆಗೆ ಸರಿಹೊಂದುವ 12 ಗುಂಡು ಆಗುತ್ತವೆ ಎಂದರ್ಥ. ಅಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ರೈಫಲ್ಲಿನಲ್ಲಿ ತಿರುಗುಮುರುಗು: .30 ಅಂದರೆ ಇಂಚಿನ ನೂರರಲ್ಲಿ ಮೂವತ್ತು ಪಾಲು. ಆದರೆ ಹೆಸರನ್ನು ನಂಬಿ ಲೆಕ್ಕ ಹಾಕಬೇಡಿ. .30-30ರಲ್ಲಿ ಎರಡನೇ 30 ಮೊದಲ ತೋಟಾದಲ್ಲಿ ತುಂಬುತ್ತಿದ್ದ ಹೊಗೆರಹಿತ ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ (ಮದ್ದು, ಗುಂಡು ತೂಗುವ ಸಣ್ಣ ಅಳತೆ). .45-70ರ 70 ಕಪ್ಪು ಮದ್ದಿನ ತೂಕ. .44 ಮ್ಯಾಗ್ನಂ ನಿಜಕ್ಕೂ .44 ಅಲ್ಲ, .429. .38 ಸ್ಪೆಷಲ್‌ನ ಗುಂಡು .357. .444 ಮಾರ್ಲಿನ್ ಹೆಸರು ಕೇಳಿದರೆ .44ಕ್ಕಿಂತ ದಪ್ಪ ಅನ್ನಿಸುತ್ತದೆ, ಗುಂಡು ಅದೇ .429. ಯಾರು ಹೆಸರಿಟ್ಟರೋ, ಮಾರುವವರ ಮನಸ್ಸು ಮಾತ್ರ ಚೆನ್ನಾಗಿ ಅರಿತಿದ್ದರು.

ಕಾನೂನಿನ ಜರಡಿ ಹಿಡಿದ ಮೇಲೆ ಲಿವರ್ ಕೋವಿಯಲ್ಲಿ ಸುಲಭವಾಗಿ ಸಿಗುವಂಥವು ನಾಲ್ಕು ಉಳಿಯುತ್ತವೆ: .357 ಮ್ಯಾಗ್ನಂ, .44 ಮ್ಯಾಗ್ನಂ, .360 ಬಕ್‌ಹ್ಯಾಮರ್, .45-70. ಜೊತೆಗೆ .45 ಕೋಲ್ಟ್, .444 ಮಾರ್ಲಿನ್, .38-55 ಇವೆ. ಕಾನೂನಿಗೆ ಅಡ್ಡಿಯಿಲ್ಲ, ಆದರೆ ಮೊದಲ ಕೋವಿಗೆ ಅವನ್ನು ಹೇಳಲಾರೆ. .45 ಕೋಲ್ಟಿನ ತೊಂದರೆ ತೋಟಾಗಳ ಗಲಿಬಿಲಿ. 1873ರ ಹಳೆಯ ಒತ್ತಡಕ್ಕೆ ತಯಾರಿಸಿದ್ದೂ ಅದೇ ಹೆಸರು, ಗಟ್ಟಿ ಕೋವಿಗೆಂದೇ ಹೆಚ್ಚು ಒತ್ತಡಕ್ಕೆ ತುಂಬಿದ್ದೂ ಅದೇ ಹೆಸರು. ಎರಡನೆಯದನ್ನು 1873 ಮಾದರಿಯ ನಾಜೂಕಿನ ಕೋವಿಗೆ ಹಾಕಿದರೆ ಅಪಾಯ. ಉಳಿದೆರಡರ ಡಬ್ಬಿ ಹುಡುಕಿಕೊಂಡು ಊರೂರು ಅಲೆಯಬೇಕು.

ರೆಂಬೆ ಸೀಳುವ ಗುಂಡಿನ ವಿಷಯಕ್ಕೆ ಬರೋಣ, ಏಕೆಂದರೆ ಈ ನಂಬಿಕೆಯಿಂದ ಜಿಂಕೆಗಳು ಗಾಯಗೊಂಡು ತಪ್ಪಿಸಿಕೊಳ್ಳುತ್ತವೆ. ಭಾರದ, ಮೊಂಡು ಮೂತಿಯ, ನಿಧಾನದ ಗುಂಡು ಪೊದೆಯೊಳಗೆ ನೇರ ಹೋಗುತ್ತದೆ ಎಂಬ ಮಾತು ಇಲ್ಲಿ ತಲೆಮಾರುಗಳಿಂದ ಇದೆ. ಎಲ್ಲ ಗುಂಡೂ ಕಡ್ಡಿಗೆ ತಗುಲಿದರೆ ದಾರಿ ಬಿಡುತ್ತದೆ, .45-70ಯೂ ಬಿಡುತ್ತದೆ. ಎಷ್ಟು ಪಕ್ಕಕ್ಕೆ ಬೀಳುತ್ತದೆ ಎನ್ನುವುದು ಕಡ್ಡಿಯಿಂದ ಜಿಂಕೆ ಎಷ್ಟು ಹಿಂದಿದೆ ಎಂಬುದರ ಮೇಲೆ. ಜಿಂಕೆ ಪೊದೆಗೆ ಮೈ ಒರಗಿಸಿಕೊಂಡು ನಿಂತಿದ್ದರೆ ಗುಂಡು ಓರೆಯಾಗಲು ಜಾಗವೇ ಇರುವುದಿಲ್ಲ, ‘ಸೀಳಿಕೊಂಡು ಹೋಯಿತು’ ಅನ್ನಿಸುತ್ತದೆ. ಕಡ್ಡಿ ಮುಂದೆ, ಜಿಂಕೆ ಇಪ್ಪತ್ತು ಗಜ ಹಿಂದೆ ಇದ್ದರೆ ಎದೆಗೆ ಇಟ್ಟದ್ದು ಹೊಟ್ಟೆಗೆ ಬೀಳುತ್ತದೆ. ತೆರವು ಸಿಗುವವರೆಗೆ ಕಾಯಬೇಕು, ಅದಕ್ಕೆ ಬದಲಿ ತೋಟಾ ಇಲ್ಲ.

ನಿಮಗೆ ಬೇಕಾದ ಅಳತೆ ಇಷ್ಟು: ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚಿನ ವೃತ್ತ. ಊರಿನ ಪಂದ್ಯದಲ್ಲಿ ಹೊಡೆಯುತ್ತಿದ್ದ ಸಿಪ್ಪೆ ಸಹಿತದ ಕಾಯಿಯಷ್ಟು ಎಂದಿಟ್ಟುಕೊಳ್ಳಿ. ಯಾವ ದೂರದವರೆಗೆ, ಕೂತ ಭಂಗಿಯಲ್ಲಿ, ಐದಕ್ಕೆ ಐದೂ ಆ ಕಾಯಿಗೆ ಬೀಳುತ್ತವೋ ಅದೇ ನಿಮ್ಮ ಮಿತಿ. ತೋಟಾದ ಮಿತಿ ಅದರಾಚೆ ಇದ್ದರೂ ನಿಮಗೆ ಪ್ರಯೋಜನವಿಲ್ಲ.

.357 ಮ್ಯಾಗ್ನಂ 1935ರ ರಿವಾಲ್ವರ್ ತೋಟಾ. 18 ಇಂಚಿನ ನಳಿಗೆಯಲ್ಲಿ ಅದಕ್ಕೆ ಬೇರೆಯೇ ಜೀವ ಬರುತ್ತದೆ: 158 ಗ್ರೇನಿನ ಗುಂಡು ಸಣ್ಣ ರಿವಾಲ್ವರಿನಿಂದ ಸೆಕೆಂಡಿಗೆ 1,200 ಅಡಿ ಚಿಲ್ಲರೆ, ಉದ್ದ ನಳಿಗೆಯಿಂದ 1,700-1,800 ಅಡಿ. ಒದೆತ ಆರು ಫುಟ್-ಪೌಂಡ್ (ಒದೆತ, ಹೊಡೆತಗಳ ಶಕ್ತಿಯ ಅಳತೆ) ಆಸುಪಾಸು, ಎಂದರೆ ಅಜ್ಜನ 12 ಬೋರಿನ ಮುಂದೆ ಏನೂ ಅಲ್ಲ. .38 ಸ್ಪೆಷಲ್ ಕೂಡ ಅದರಲ್ಲೇ ಹೊಡೆಯಬಹುದು, ಹೆಂಡತಿಗೆ ಅಭ್ಯಾಸಕ್ಕೆ ಅದಕ್ಕಿಂತ ಸುಖವಾದದ್ದಿಲ್ಲ. ಆದರೆ 100 ಗಜಕ್ಕೆ ಹೋಗುವಾಗ ಶಕ್ತಿ ಸುಮಾರು 740 ಫುಟ್-ಪೌಂಡಿಗೆ ಇಳಿದಿರುತ್ತದೆ. 75 ಗಜದೊಳಗೆ, ಪಕ್ಕೆ ತೋರಿಸಿ ನಿಂತ ಜಿಂಕೆಗೆ ಧಾರಾಳ ಸಾಕು. ಸೋಯಾ ಹೊಲದ 120 ಗಜಕ್ಕೆ ನಾನು ಬೇಡ ಎನ್ನುತ್ತೇನೆ. ಗುಂಡಿನ ಆಯ್ಕೆಯಲ್ಲೂ ಎಚ್ಚರ ಬೇಕು: 125 ಗ್ರೇನಿನ ಹಾಲೋ ಪಾಯಿಂಟ್ (ಮೂತಿಯಲ್ಲಿ ತೂತಿರುವ ಗುಂಡು) ಕೈಬಂದೂಕಿನ ವೇಗಕ್ಕೆ ಅರಳುವಂತೆ ಮಾಡಿದ್ದು. ರೈಫಲ್ಲಿನ ವೇಗದಲ್ಲಿ ಅದು ಪಕ್ಕೆಯಲ್ಲೇ ಚೂರಾಗಿ ಒಳಗೆ ಇಳಿಯದೆ ಹೋಗಬಹುದು. 158 ಅಥವಾ 180 ಗ್ರೇನಿನ ಸಾಫ್ಟ್ ಪಾಯಿಂಟ್ (ಮೂತಿಯಲ್ಲಿ ಮೆತ್ತನೆ ಸೀಸ ತೆರೆದಿರುವ ಗುಂಡು) ಹಾಕಿ.

.45-70 ಅಮೆರಿಕ ಸೇನೆ 1873ರಲ್ಲಿ ತಂದ ತೋಟಾ. ಹೊಡೆತದ ಬಗ್ಗೆ ತಕರಾರಿಲ್ಲ. 300 ಗ್ರೇನಿನ ಗುಂಡಿನ ವೇಗ ಸೆಕೆಂಡಿಗೆ 1,800 ಅಡಿ ದಾಟುತ್ತದೆ, 100 ಗಜದಲ್ಲೂ 1,500 ಫುಟ್-ಪೌಂಡ್ ಉಳಿದಿರುತ್ತದೆ. ತೊಂದರೆ ಹಿಂಬದಿಯಲ್ಲಿ: ಏಳು ಪೌಂಡಿನ ಕೋವಿಯಲ್ಲಿ ಒದೆತ 25 ಫುಟ್-ಪೌಂಡ್, ಹೆಚ್ಚು ಒತ್ತಡದ ತೋಟಾ ಹಾಕಿದರೆ 30ರ ಮೇಲೆ. ಇದು .44ಕ್ಕಿಂತ ಎರಡು ಪಟ್ಟು. ಹೊಸಬರು ನಾಲ್ಕನೇ ಈಡಿಗೆ ಕಣ್ಣು ಮುಚ್ಚಲು ಶುರು ಮಾಡುತ್ತಾರೆ, ಟ್ರಿಗರ್ ಎಳೆಯುವ ಮುಂಚೆಯೇ ಭುಜ ಮುಂದಕ್ಕೆ ತಳ್ಳುತ್ತಾರೆ. ಒಮ್ಮೆ ಮೈಗೆ ಹತ್ತಿದ ಆ ಚಾಳಿ ಬಿಡಿಸಲು ತಿಂಗಳುಗಟ್ಟಲೆ .22ರಲ್ಲಿ ಹೊಡೆಯಬೇಕಾಗುತ್ತದೆ. ಇದರಲ್ಲೂ ಒತ್ತಡದ ಗಲಿಬಿಲಿ ಇದೆ: ಹಳೆಯ ಸ್ಪ್ರಿಂಗ್‌ಫೀಲ್ಡ್ ಕೋವಿಗೆ ತಕ್ಕ ಮೆತ್ತನೆಯದು ಒಂದು, ಈಗಿನ ಮಾರ್ಲಿನ್ 1895ರಂಥ ಗಟ್ಟಿ ಕೋವಿಗೆ ತಕ್ಕದ್ದು ಇನ್ನೊಂದು. ಮೂಸ್, ಕರಡಿ ಇರುವ ಅಲಾಸ್ಕದಲ್ಲಿ ಇದಕ್ಕೆ ಅರ್ಥವಿದೆ. ಓಹಾಯೋ ಜಿಂಕೆಗೆ ಇದು ಅಗತ್ಯಕ್ಕಿಂತ ಹೆಚ್ಚು, ನಿಮ್ಮ ಮನೆಯ ಇಬ್ಬರಿಗೂ ಹೊರೆ.

.360 ಬಕ್‌ಹ್ಯಾಮರ್ ಹುಟ್ಟಿದ್ದೇ ನಿಮ್ಮಂಥ ರಾಜ್ಯಗಳವರಿಗಾಗಿ. 2023ರಲ್ಲಿ ರೆಮಿಂಗ್ಟನ್ .30-30ರ ಕೇಸನ್ನೇ ತೆಗೆದುಕೊಂಡು, ಹೆಗಲು ಕತ್ತು ತೆಗೆದು ನೆಟ್ಟಗೆ ಮಾಡಿ, .358ರ ಗುಂಡು ಕೂರಿಸಿತು. ಕೇಸಿನ ಉದ್ದ ಸರಿಯಾಗಿ 1.80 ಇಂಚು. ಮಿಷಿಗನ್ ನಿಯಮವನ್ನು ಎದುರಿಗಿಟ್ಟುಕೊಂಡೇ ಕತ್ತರಿಸಿದ್ದಾರೆ ಎಂದು ಹೇಳಬೇಕಿಲ್ಲ. 180 ಗ್ರೇನಿನ ಗುಂಡಿನ ವೇಗ ಸೆಕೆಂಡಿಗೆ 2,400 ಅಡಿ, 200 ಗ್ರೇನಿನದು 2,200 ಅಡಿ. 100 ಗಜಕ್ಕೆ ಗುರಿ ಹೊಂದಿಸಿದರೆ 200 ಗಜದಲ್ಲಿ ಸುಮಾರು ಎಂಟು ಇಂಚು ಮಾತ್ರ ಇಳಿಯುತ್ತದೆ. .30-30ರ ಗುಂಡಿಗೂ ಹೆಚ್ಚುಕಡಿಮೆ ಅಷ್ಟೇ. ಒದೆತ ಹದಿನೈದರ ಸುತ್ತ. ಕಾಗದದ ಮೇಲೆ ಇದೇ ಗೆಲ್ಲಬೇಕು. ಆದರೆ ತೋಟಾ ತಯಾರಕರು ಕಡಿಮೆ, ಅಭ್ಯಾಸಕ್ಕೆಂದು ಮಾಡಿದ ಮೆತ್ತನೆಯ ತೋಟಾ ಅಂಗಡಿಯಲ್ಲಿ ಕಾಣುವುದಿಲ್ಲ, ಪ್ರತಿ ಈಡೂ ಬೇಟೆಯ ಬೆಲೆಯದೇ. ವರ್ಷಕ್ಕೆ ಇಪ್ಪತ್ತು ಹೊಡೆಯುವವರಿಗೆ ಪರವಾಗಿಲ್ಲ. ಕಲಿಯುವವರು ಮೊದಲ ವರ್ಷ ಮುನ್ನೂರಾದರೂ ಹೊಡೆಯಬೇಕು.

ನಿಮಗೆ ನನ್ನ ಆಯ್ಕೆ .44 ಮ್ಯಾಗ್ನಂ, 20 ಇಂಚಿನ ಆಸುಪಾಸಿನ ನಳಿಗೆಯಲ್ಲಿ. 240 ಗ್ರೇನಿನ ಗುಂಡು ಸುಮಾರು 1,760 ಅಡಿ ವೇಗದಲ್ಲಿ ಹೊರಡುತ್ತದೆ, 100 ಗಜದಲ್ಲಿ ಸಾವಿರ ಫುಟ್-ಪೌಂಡ್ ಉಳಿದಿರುತ್ತದೆ. 100 ಗಜಕ್ಕೆ ಗುರಿ ಹೊಂದಿಸಿದರೆ 50ರಲ್ಲಿ ಒಂದು ಇಂಚು ಮೇಲೆ, 125ರಲ್ಲಿ ಮೂರು ಇಂಚು ಕೆಳಗೆ. ಎರಡೂ ಎಂಟು ಇಂಚಿನ ವೃತ್ತದೊಳಗೇ. ಹಾಗಾಗಿ ನಿಮ್ಮ ಎರಡೂ ಜಾಗಗಳಲ್ಲಿ ಎದೆಯ ನಡುವಿಗೆ ಇಟ್ಟು ಹೊಡೆಯಬಹುದು, ಮನಸ್ಸಿನಲ್ಲಿ ಲೆಕ್ಕ ಬೇಕಿಲ್ಲ. 150ರಲ್ಲಿ ಆರು ಇಂಚು, 200ರಲ್ಲಿ ಒಂದೂವರೆ ಅಡಿ ಇಳಿಯುತ್ತದೆ. ಆ ದೂರಕ್ಕೆ ಆಸೆಪಡಬೇಡಿ. ಪೂರ್ತಿ ಬಲದ ತೋಟಾಕ್ಕೆ ಒದೆತ 13 ಫುಟ್-ಪೌಂಡ್, .30-30ಗಿಂತ ತುಸು ಹೆಚ್ಚು. ಅದೇ ಕೋವಿಗೆ ಹಿಡಿಯುವ ಮೆತ್ತನೆಯ ತೋಟಾ .44 ಸ್ಪೆಷಲ್ ಹಾಕಿದರೆ ಅದರ ಅರ್ಧಕ್ಕಿಂತ ಕಡಿಮೆ. ಹೆಂಡತಿ ಅದರಿಂದ ಶುರು ಮಾಡಲಿ.

ಸ್ಪೆಷಲ್ ಹೊಡೆಯುವಾಗ ಒಂದು ಗುಟ್ಟು ನೆನಪಿರಲಿ, .38ಕ್ಕೂ ಇದೇ ಅನ್ವಯ. ಅದರ ಕೇಸು ಚಿಕ್ಕದು, ಹಾಗಾಗಿ ಚೇಂಬರಿನಲ್ಲಿ (ತೋಟಾ ಕೂರುವ ನಳಿಗೆಯ ಬುಡ) ಕೇಸಿನ ಬಾಯಿ ಮುಗಿಯುವ ಕಡೆ ಮಸಿ, ಸೀಸದ ಉಂಗುರ ಕಟ್ಟುತ್ತದೆ. ನೂರು ಹೊಡೆದು ಒರೆಸದೆ ಮ್ಯಾಗ್ನಂ ತಳ್ಳಿದರೆ ಉದ್ದ ಕೇಸು ಆ ಉಂಗುರಕ್ಕೆ ಸಿಕ್ಕಿಕೊಂಡು ಪೂರ್ತಿ ಒಳಗೆ ಕೂರುವುದಿಲ್ಲ, ಅಥವಾ ಕೂತು ಹೊರಬರಲು ಹಟ ಹಿಡಿಯುತ್ತದೆ. ರೇಂಜಿನಿಂದ ಬಂದ ದಿನವೇ ಚೇಂಬರಿಗೆ ಬ್ರಷ್ ಹಾಕಿ. ಕೆಲವು ಕೋವಿಗಳು ಗಿಡ್ಡ ತೋಟಾವನ್ನು ಸರಾಗವಾಗಿ ಎತ್ತುವುದೂ ಇಲ್ಲ, ಕೊಳ್ಳುವ ಮುನ್ನ ಕೇಳಿ.

ಹಳೆಯ .44 ಮಾರ್ಲಿನ್ 1894 ಸಿಕ್ಕರೆ ಗುಂಡನ್ನು ಗಿರಕಿ ಹೊಡೆಸುವ ನಳಿಗೆಯೊಳಗಿನ ತಿರುವು ಎಷ್ಟೆಂದು ಕೇಳಿಕೊಳ್ಳಿ. ಹಿಂದಿನವಕ್ಕೆ 38 ಇಂಚಿಗೆ ಒಂದು ಸುತ್ತು, 240 ಗ್ರೇನಿಗೆ ಏನೂ ತೊಂದರೆಯಿಲ್ಲ, 300 ಗ್ರೇನಿನ ಉದ್ದ ಗುಂಡು ಮಾತ್ರ ಗಿರಕಿ ಸಾಲದೆ ಓಲಾಡುತ್ತದೆ. ನಿಮಗೆ 240ಕ್ಕಿಂತ ಭಾರದ್ದು ಬೇಕಿಲ್ಲ. 180 ಗ್ರೇನಿನ ಹಗುರದ್ದೂ ಬೇಡ. ‘ಕೌಬಾಯ್’ ಎಂದು ಬರೆದ ಡಬ್ಬಿ ಆಟಕ್ಕೆ, ಜಿಂಕೆಗಲ್ಲ.

ಯಾವ ತೋಟಾ ಆದರೂ ಚೂಪು ಮೂತಿಯ ಗುಂಡನ್ನು ಕೊಳವೆ ಮ್ಯಾಗಜೀನಿಗೆ ತುಂಬಬೇಡಿ. ನಳಿಗೆಯ ಕೆಳಗಿನ ಆ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿ ಕಿಡಿ ಕೊಡುವ ಕೇಪಿಗೆ ತಾಗಿಕೊಂಡು. ಒದೆತಕ್ಕೆ ಚೂಪು ಮೂತಿ ಕೇಪನ್ನು ಕುಟ್ಟಿದರೆ ಕೊಳವೆಯೊಳಗೇ ಸಿಡಿಯುತ್ತದೆ, ಅದೂ ನಿಮ್ಮ ಎಡಗೈ ಹಿಡಿದಿರುವ ಜಾಗದಲ್ಲಿ. ಚಪ್ಪಟೆ ಮೂತಿಯದು, ಇಲ್ಲವೇ ಹಾರ್ನಡಿಯ ಲೆವರೆವಲ್ಯೂಷನ್‌ನಂಥ ಮೆತ್ತನೆ ರಬ್ಬರಿನಂಥ ತುದಿಯದು, ಇವೆರಡೇ. ಬ್ರೌನಿಂಗ್ ಬಿಎಲ್‌ಆರ್‌ನಂಥ ಪೆಟ್ಟಿಗೆ ಮ್ಯಾಗಜೀನಿನ ಲಿವರ್ ಕೋವಿಗಳಿಗೆ ಈ ಭಯವಿಲ್ಲ, ಆದರೆ ಅವು ಬರುವುದು ಹೆಚ್ಚಾಗಿ .308, .243ನಂಥ ಕತ್ತುಳ್ಳ ತೋಟಾಗಳಲ್ಲಿ. ಅಲ್ಲಿಗೆ ಓಹಾಯೋ ಜಿಂಕೆ ಕೈತಪ್ಪಿತು.

ಕೊಳವೆ ಹತ್ತು ತೋಟಾ ಹಿಡಿದರೂ ಓಹಾಯೋದ ಜಿಂಕೆ ಬೇಟೆಯಲ್ಲಿ ಮ್ಯಾಗಜೀನು, ಚೇಂಬರು ಸೇರಿ ಮೂರಕ್ಕಿಂತ ಹೆಚ್ಚು ತುಂಬುವಂತಿಲ್ಲ. ರೇಂಜಿನ ಅಭ್ಯಾಸಬಲದಲ್ಲಿ ನಾಲ್ಕನೆಯದು ತಳ್ಳಿಬಿಡುವವರಿದ್ದಾರೆ. ಜೇಬಿನಲ್ಲಿ ಮೂರೇ ಇಟ್ಟುಕೊಂಡು ಹೊರಡುವುದು ಸುಲಭ.

ಲಿವರ್ ಕೋವಿ ಸಿಕ್ಕಿಹಾಕಿಕೊಂಡಿತು ಎಂಬ ದೂರು ಹತ್ತಿಗೆ ಒಂಬತ್ತು ಸಲ ಕೈಯದು. ಮೆಲ್ಲಗೆ, ಹೆದರುತ್ತಾ ಲಿವರ್ ಇಳಿಸಿದರೆ ಖಾಲಿ ಕೇಸು ಪೂರ್ತಿ ಹೊರಗೆ ಹಾರುವುದಿಲ್ಲ, ಮುಂದಿನ ತೋಟಾ ಅರ್ಧ ಮೇಲೆ ಬಂದು ಎರಡೂ ಗಂಟು ಬೀಳುತ್ತವೆ. ಕೊನೆ ಮುಟ್ಟುವವರೆಗೆ ಇಳಿಸಿ, ಅದೇ ಬಿರುಸಿನಲ್ಲಿ ಮೇಲಕ್ಕೆ. ಕೋವಿ ಭುಜದಿಂದ ಇಳಿಸಬೇಡಿ. ಓಹಾಯೋದ ಬಂದೂಕಿನ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲಿನ ಸೋಮವಾರ ಶುರು, ಆ ಚಳಿಯಲ್ಲಿ ಕೈಗೆ ದಪ್ಪ ಗವಸು ಇರುತ್ತದೆ. ದೊಡ್ಡ ಕುಣಿಕೆಯ ಲಿವರನ್ನು ಸಿನಿಮಾ ಶೋಕಿ ಎಂದು ನಗಬೇಡಿ, ಗವಸಿನ ಬೆರಳು ತೂರಲು ಅದೇ ಬೇಕು.

ನಿಜವಾದ ಅಪಾಯ ಹ್ಯಾಮರಿನಲ್ಲಿದೆ, ಎಂದರೆ ತೋಟಾ ಸಿಡಿಸಲು ಬಡಿಯುವ ಹಿಂಬದಿಯ ಕೊಕ್ಕೆಯಲ್ಲಿ. ಜಿಂಕೆ ಬಂತು, ಹೆಬ್ಬೆರಳಲ್ಲಿ ಹ್ಯಾಮರ್ ಹಿಂದೆಳೆದಿರಿ, ಜಿಂಕೆ ಹೊರಟುಹೋಯಿತು. ಈಗ ಹ್ಯಾಮರನ್ನು ಇಳಿಸಬೇಕು, ಚೇಂಬರಿನಲ್ಲಿ ಜೀವಂತ ತೋಟಾ ಇದೆ, ಬೆರಳು ಮರಗಟ್ಟಿದೆ, ಮೇಲೆ ಸ್ಕೋಪ್ ಕೂತು ಹೆಬ್ಬೆರಳಿಗೆ ಜಾಗವಿಲ್ಲ. ಜಾರಿದರೆ ಸಿಡಿಯುತ್ತದೆ. ಸ್ಕೋಪ್ ಹಾಕಿಸುವುದಾದರೆ ಹ್ಯಾಮರಿಗೆ ಪಕ್ಕಕ್ಕೆ ಚಾಚುವ ಸಣ್ಣ ಹಿಡಿಯನ್ನೂ ಹಾಕಿಸಿ, ಕೆಲವೇ ಡಾಲರಿನ ಸಾಮಾನು. ಇಳಿಸುವಾಗ ನಳಿಗೆ ನೆಲದತ್ತ ಇರಲಿ. ಅಡ್ಡ ಸೇಫ್ಟಿ ಗುಂಡಿ ಇದ್ದರೆ ಮೊದಲು ಅದನ್ನು ಒತ್ತಿ. ಹೆಬ್ಬೆರಳಲ್ಲಿ ಹ್ಯಾಮರ್ ಬಿಗಿ ಹಿಡಿದು, ಟ್ರಿಗರ್ ಒತ್ತಿ, ಹ್ಯಾಮರ್ ಅಲುಗಿದ ಕೂಡಲೇ ಟ್ರಿಗರಿನಿಂದ ಬೆರಳು ತೆಗೆದು, ಮೆಲ್ಲಗೆ ಅರ್ಧ ಕಾಕ್‌ಗೆ (ಹ್ಯಾಮರ್ ತೋಟಾಕ್ಕೆ ಬಡಿಯದೆ ಅರ್ಧದಲ್ಲೇ ನಿಲ್ಲುವ ಜಾಗ) ತನ್ನಿ. ಮೊದಲು ಖಾಲಿ ಕೋವಿಯಲ್ಲಿ ಮನೆಯಲ್ಲಿ ನೂರು ಸಲ ಮಾಡಿ, ಗವಸು ಹಾಕಿಕೊಂಡೇ. ಮರದ ಮೇಲಿನ ಕುರ್ಚಿಗೆ ಹತ್ತುವಾಗ ಕೋವಿ ಪೂರ್ತಿ ಖಾಲಿ ಮಾಡಿ, ಮೇಲೆ ಕೂತು ಬೆಲ್ಟ್ ಕಟ್ಟಿಕೊಂಡ ಮೇಲೆ ಹಗ್ಗದಿಂದ ಎಳೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ: 1982ಕ್ಕೆ ಮುಂಚಿನ ವಿಂಚೆಸ್ಟರ್ 94 ಖಾಲಿ ಕೇಸನ್ನು ನೆತ್ತಿಯ ಮೇಲೆಯೇ ಹಾರಿಸುತ್ತದೆ, ನಡುವೆ ಸ್ಕೋಪ್ ಕೂರಿಸಲು ಬರುವುದಿಲ್ಲ. ಮಾರ್ಲಿನ್, ಹೆನ್ರಿಗಳು ಪಕ್ಕಕ್ಕೆ ಹಾರಿಸುತ್ತವೆ. ನೀವು ನಲವತ್ತರೊಳಗಿದ್ದು ಕಣ್ಣು ಚುರುಕಾಗಿದ್ದರೆ 120 ಗಜಕ್ಕೆ ಸ್ಕೋಪ್ ಇಲ್ಲದೆ, ಹಿಂಬದಿಗೆ ತೂತಿನ ಸೈಟ್ ಹಾಕಿಸಿ ನೋಡಿ. ಕೋವಿ ಹಗುರ ಉಳಿಯುತ್ತದೆ, ಹ್ಯಾಮರಿನ ತಾಪತ್ರಯವೂ ತಪ್ಪುತ್ತದೆ.

ಗುರಿ ಹೊಂದಿಸಲು ಬೇಟೆಗೆ ಹಾಕುವ ಅದೇ ಡಬ್ಬಿಯ ತೋಟಾ ಬಳಸಿ, ಸ್ಪೆಷಲ್‌ನಲ್ಲಿ ಹೊಂದಿಸಿದ್ದು ಮ್ಯಾಗ್ನಂಗೆ ಕೂರುವುದಿಲ್ಲ. ಮೊದಲು 25 ಗಜದಲ್ಲಿ ಮೂರು ಈಡು. ಹಿಂದಿನ ಸೈಟನ್ನು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ಸರಿಸಿ. ಆಮೇಲೆ 100 ಗಜ. ಮರಳು ಚೀಲದ ಮೇಲೆ ಇಡಬೇಕಾದದ್ದು ಮುಂಗೈ ಹಿಡಿಯುವ ಮರವನ್ನು. ನಳಿಗೆಯನ್ನೋ ಕೊಳವೆಯನ್ನೋ ಚೀಲಕ್ಕೆ ಒರಗಿಸಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಪ್ರತಿ ಮೂರಕ್ಕೊಮ್ಮೆ ನಳಿಗೆ ಆರಲು ಬಿಡಿ, ತೆಳು ನಳಿಗೆಗೆ ಪಟ್ಟಿ ಬಿಗಿದಿರುವುದರಿಂದ ಬಿಸಿಯಾದಂತೆ ಗುರಿ ಸರಿಯುತ್ತದೆ. ತೆರೆದ ಸೈಟಿನಲ್ಲಿ 100 ಗಜಕ್ಕೆ ನಾಲ್ಕು ಇಂಚಿನೊಳಗೆ ಮೂರೂ ಬಿದ್ದರೆ ಕೋವಿ ಚೆನ್ನಾಗಿದೆ. ಆಮೇಲೆ ಮೇಜು ಬಿಟ್ಟು ನೆಲಕ್ಕೆ ಕೂತು, ಮೊಣಕೈ ಮಂಡಿಗೆ ಊರಿ ಹೊಡೆಯಿರಿ. ಕಾಡಿನಲ್ಲಿ ಮೇಜು ಇರುವುದಿಲ್ಲ.

ಎರಡು ಸಂದರ್ಭದಲ್ಲಿ ನನ್ನ ಆಯ್ಕೆ ಬದಲಾಗುತ್ತದೆ. ಸಹೋದ್ಯೋಗಿ ನಿಮ್ಮನ್ನು ಯಾವಾಗಲೂ ಹೊಲದ ಅಂಚಿಗೇ ಕೂರಿಸುವುದಾದರೆ, 150 ಗಜದ ಮೇಲೂ ಹೊಡೆಯುವಷ್ಟು ಕೈ ಕುದುರಿದ ಮೇಲೆ, .360 ಬಕ್‌ಹ್ಯಾಮರ್ ಕೊಳ್ಳಿ. ಕೆಲಸ ಬದಲಾಗಿ ಪೆನ್ಸಿಲ್ವೇನಿಯಾಕ್ಕೆ ಮನೆ ಸಾಗಿಸಿದರೆ ಗೆಳೆಯನ ಮಾತಿನಂತೆ .30-30 ತೆಗೆದುಕೊಳ್ಳಿ. ಸದ್ಯಕ್ಕೆ ಕೋರ್ಸಿಗೆ ಹೆಸರು ಕೊಡಿ, ಇಬ್ಬರದೂ. ಅಂಗಡಿಗೆ ಹೋದಾಗ ಕೋವಿ ನೋಡುವ ಮೊದಲು ತೋಟಾದ ಕಪಾಟಿನ ಮುಂದೆ ನಿಂತು, .44ರ 240 ಗ್ರೇನ್ ಸಾಫ್ಟ್ ಪಾಯಿಂಟ್ ಮತ್ತು .44 ಸ್ಪೆಷಲ್ ಎಷ್ಟು ಡಬ್ಬಿ ಇವೆ ಎಂದು ಎಣಿಸಿ ಬನ್ನಿ.